ಪೌಡರ್ ಬಿದ್ದ ಇಸ್ಪೀಟ್ ಕಟ್ಟು

ಕ್ರೋಂಪೇಟೆ, ಚೆನ್ನೈ
3 ಫೆಬ್ರವರಿ 2025

ಚೆನ್ನೈ ಕನ್ನಡ ಜಾದೂಗಾರರ ಕೂಟದ ಪರೀಕ್ಷಕರೂ, ಕೀಲ್ಪಾಕ್ ನಿವಾಸಿಗಳೂ, ಹಣೆಬರಹದಿಂದ ನನ್ನ ಅತ್ತಿಗೆಯೂ ಆದ ಶ್ರೀಮತಿ ಪುಟ್ಟತಾಯಮ್ಮನವರ ಸನ್ನಿಧಿಗೆ,

ಮೈದುನ ರಘು ಮಾಡುವ ನಮಸ್ಕಾರ. ಇದು ನಿಮ್ಮ ಹುದ್ದೆಗೆ ಮಾಡಿದ್ದು. ನಿಮಗೆ ಮಾಡಬೇಕಾದದ್ದನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಯಾವ ಆಟದ ಗುಟ್ಟೂ ಫೋನಿನಲ್ಲಿ, ವಾಟ್ಸಾಪಿನಲ್ಲಿ ಹೋಗಕೂಡದು, ಕಾಗದದಲ್ಲೇ ಹೋಗಬೇಕು ಎಂದು ಕೂಟಕ್ಕೆ ನಿಯಮ ಬರೆದವರು ನೀವು. ನಮ್ಮ ಸದಸ್ಯರೊಬ್ಬರ ಮೊಮ್ಮಗ ತಾತನ ಗುಟ್ಟನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ ಮೇಲೆ, ಆ ತಾತ ಇವತ್ತಿಗೂ ಲಿಫ್ಟಿನಲ್ಲಿ ಯಾರ ಮುಖವನ್ನೂ ನೋಡಲಾರದೆ ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತುತ್ತಿದ್ದಾರೆ. ಆದ್ದರಿಂದ ನಿಯಮ ಸರಿಯೇ. ಅದೂ ಅಲ್ಲದೆ ಜನವರಿಯಿಂದ ನಾವಿಬ್ಬರೂ ಫೋನಿನಲ್ಲಿ ಮಾತಾಡುತ್ತಿಲ್ಲವಲ್ಲ.

ಜನವರಿಯ ವಿಷಯ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ನನ್ನ ಮಗಳು ತೇಜು ಕೂಟದ ಸದಸ್ಯೆಯಾಗಬೇಕೆಂದು ಸಭೆಯ ಮುಂದೆ ಆಡಿ ತೋರಿಸಲು ಬಂದಳು. ಸ್ಕೂಟಿಯಿಂದ ಬಿದ್ದ ಮೇಲೆ ಅವಳ ಬಲಗೈಯ ಎರಡು ಬೆರಳು ಮಡಚುವುದಿಲ್ಲ ಎಂದು ನಿಮಗೆ ಗೊತ್ತು. ಆಸ್ಪತ್ರೆಯಲ್ಲಿ ಅನ್ನ ಕಲಸಿ ತಿನ್ನಿಸಿದವರು ನೀವೇ. ವೇದಿಕೆಯ ಮೇಲೆ ಇಸ್ಪೀಟ್ ಎಲೆಗಳು ಅವಳ ಕೈ ಜಾರಿ ಬಿದ್ದವು. ಆಗ ನೀವು ಮೈಕಿನಲ್ಲಿ, "ನೆಲಕ್ಕೆ ಜಾದೂ ಬರಲ್ಲ ಕಣಮ್ಮ, ಎಲೆನೆಲ್ಲಾ ಅದರ ಕೈಗೆ ಕೊಡಬೇಡ" ಎಂದಿರಿ. ಸಭೆ ನಕ್ಕಿತು. ಆ ನಗು ಮುಗಿಯುವವರೆಗೂ ನನ್ನ ಮಗಳು ಎಡಗೈಯಲ್ಲಿ ಒಂದೊಂದೇ ಎಲೆ ಆರಿಸುತ್ತಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಜೂನ್ ಹದಿನೈದರ ವಾರ್ಷಿಕ ಸಭೆಯಲ್ಲಿ ತೇಜು ಮತ್ತೆ ಆಡಿ ತೋರಿಸುತ್ತಾಳೆ. ಬೆರಳು ಮಾಡಲಾರದ ಕೆಲಸವನ್ನು ಕಟ್ಟೇ ಮಾಡಲಿ ಎಂದು ಅವಳಿಗಾಗಿ ಒಂದು ಆಟದ ಕಟ್ಟು ತಯಾರಿಸಿ, ಡಬ್ಬಿಯಲ್ಲಿಟ್ಟು ಈ ಕಾಗದದ ಜೊತೆ ಕಳಿಸಿದ್ದೇನೆ. ಎಲೆಗಳು ಸೌಕಾರ್‌ಪೇಟೆಯಲ್ಲಿ ಸಗಟಿಗೆ ಸಿಕ್ಕ ಮಾಮೂಲಿ ಎಲೆಗಳು. ಅವುಗಳ ಬೆನ್ನಿಗೆ ನಮ್ಮ ಕಾರ್ಖಾನೆಯಲ್ಲಿ ಚರ್ಮಕ್ಕೆ ಕೊಡುವ ಲೇಪವನ್ನು ಉಸಿರಿನಷ್ಟು ತೆಳ್ಳಗೆ ಕೊಟ್ಟಿದ್ದೇನೆ. ಎರಡೆರಡು ಎಲೆ ಬೆನ್ನಿಗೆ ಬೆನ್ನು ಕೊಟ್ಟು ಹಿಡಿದುಕೊಂಡಿರುತ್ತವೆ, ಒಂದೇ ಎಲೆಯ ಹಾಗೆ ನಟಿಸುತ್ತವೆ. ಯಾವುದರ ಬೆನ್ನಿಗೆ ಯಾವುದು ಎಂಬುದು ಆಡುವವರಿಗೆ ಬಾಯಿಪಾಠ. ನೋಡುವವರು ಯಾವುದಾದರೂ ಎಲೆಯ ಹೆಸರು ಹೇಳಲಿ. ಕಟ್ಟನ್ನು ಹರಡುವಾಗ ಆ ಜೋಡಿಯನ್ನು ಮಾತ್ರ ಹೆಬ್ಬೆರಳಿನಲ್ಲಿ ಕೊಂಚ ತಳ್ಳಿದರೆ ಅದು ಬಿಟ್ಟುಕೊಳ್ಳುತ್ತದೆ. ಉಳಿದ ಎಲ್ಲ ಎಲೆಗಳೂ ಮುಖ ತೋರಿಸುವಾಗ ಕೇಳಿದ ಎಲೆಯೊಂದೇ ಬೆನ್ನು ತೋರಿಸಿ ಮಲಗಿರುತ್ತದೆ.

ಆಟದ ಕಟ್ಟು ವೇದಿಕೆ ಹತ್ತಬೇಕಾದರೆ ಪರೀಕ್ಷಕರ ಮುದ್ರೆ ಬೇಕು. ಅದು ಬಿದ್ದರೆ ತೇಜುಗೆ ವೇದಿಕೆ ಇದೆ, ಬೀಳದಿದ್ದರೆ ಇಲ್ಲ. ನ್ಯಾಯವಾಗಿ ಪರೀಕ್ಷೆ ಮಾಡಿ. ಕಷ್ಟವಾದರೆ, ಇದು ಬೇರೆ ಯಾರದೋ ಮಗಳದು ಎಂದುಕೊಂಡು ಮಾಡಿ.

ಹಲ್ಲು ಕಚ್ಚಿಕೊಂಡು,
ರಘು


ಕೀಲ್ಪಾಕ್
27 ಫೆಬ್ರವರಿ 2025

ಶ್ರೀ ರಘು ಅವರಿಗೆ,

ಇದು ಪರೀಕ್ಷೆಯ ಪತ್ರವಾದ್ದರಿಂದ 'ನೀವು' ಎಂದು ಬರೆಯುತ್ತಿದ್ದೇನೆ. ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನೀವು ಚಡ್ಡಿಯ ಗುಂಡಿ ಹಾಕಿಸಿಕೊಳ್ಳಲು ನನ್ನ ಹತ್ತಿರವೇ ಓಡಿ ಬರುತ್ತಿದ್ದಿರಿ ಎಂಬುದು ಕಡತದಲ್ಲಿರಲಿ.

ಡಬ್ಬಿ ತೆರೆದ ಕೂಡಲೇ ಹದ ಮಾಡಿದ ಚರ್ಮದ ವಾಸನೆ ಮನೆಯನ್ನೆಲ್ಲ ತುಂಬಿತು. ಒಳಕೋಣೆಯಿಂದ ನಿಮ್ಮಣ್ಣ ಅಂದಾನಿಯವರು, "ಪುಟ್ಟತಾಯಿ, ಯಾರೋ ಹೊಸ ಮೆಟ್ಟು ಒಳಕ್ಕೇ ತಂದವ್ರೆ ನೋಡು" ಎಂದರು. ದೇವರ ಗೂಡಿನ ಪಕ್ಕದ ಮೇಜಿನ ಮೇಲೆ ಆ ವಾಸನೆಯನ್ನು ಇಟ್ಟುಕೊಂಡು ನಾನು ಕೆಲಸ ಮಾಡಲಾರೆ. ಆದ್ದರಿಂದ ಯಾವ ಹೊಸ ಕಟ್ಟಿಗೂ ಮಾಡುವಂತೆ ಪ್ರತಿ ಎಲೆಗೂ ಗಂಧದ ಪೌಡರ್ ಉದುರಿಸಿ, ಹತ್ತಿಯಲ್ಲಿ ಉಜ್ಜಿ, ವಾಸನೆ ಪೂರಾ ಹೋಗಲೆಂದು ಇನ್ನೊಂದು ಸುತ್ತು ಉದುರಿಸಿ, ನಂತರ ಪರೀಕ್ಷೆಗೆ ಕುಳಿತೆ.

ನಿಮ್ಮಣ್ಣನನ್ನು ಎದುರು ಕೂರಿಸಿ ಒಂದು ಎಲೆ ಹೇಳಿ ಎಂದೆ. "ಇಸ್ಪೀಟ್ ಎಕ್ಕ" ಎಂದರು. ನಿಮ್ಮ ಪತ್ರದಲ್ಲಿದ್ದಂತೆಯೇ ಹರಡಿದೆ. ಒಂದು ಎಲೆ ಬೆನ್ನು ತೋರಿಸಬೇಕಾದ ಕಡೆ ಅರ್ಧ ಕಟ್ಟು ಬೆನ್ನು ತೋರಿಸಿತು, ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ. ಮತ್ತೆ ಜೋಡಿಸಿ ಮತ್ತೆ ಹರಡಿದೆ. ಮತ್ತೆ ಬೀಗರು. ನಿಮ್ಮಣ್ಣ ಬಹಳ ಹೊತ್ತು ನೋಡಿ, "ಇದ್ರಲ್ಲಿ ನಂದು ಯಾವ್ದು?" ಎಂದರು. ಆ ಮನುಷ್ಯ ಇಷ್ಟು ವರ್ಷಗಳಲ್ಲಿ ನನ್ನ ಯಾವ ಆಟಕ್ಕೂ ಹಾಗೆ ಕೇಳಿದವರಲ್ಲ. ಚೆನ್ನಾಗೈತೆ ಅಂದು ಕಾಫಿ ಕೇಳುವುದು ಅವರ ಪದ್ಧತಿ. ನನ್ನ ಮಾನವನ್ನು ನನ್ನ ಮನೆಯಲ್ಲೇ ಕಳೆದ ಶ್ರೇಯಸ್ಸು ನಿಮ್ಮ ಕಟ್ಟಿಗೆ ಸಲ್ಲುತ್ತದೆ.

ಎಲೆಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಹಿಡಿದುಕೊಳ್ಳುವಂತೆ ನಟಿಸುವುದೂ ಇಲ್ಲ. ಆಟದ ಕಟ್ಟು ಎಂದು ಕಳಿಸಿರುವುದು ವಾಸನೆಯಿರುವ ಮಾಮೂಲಿ ಕಟ್ಟು.

ತೀರ್ಪು: ತಿರಸ್ಕೃತ. ಒಂದು ಕಟ್ಟಿಗೆ ವರ್ಷದಲ್ಲಿ ಒಂದೇ ಪರೀಕ್ಷೆ ಎಂಬ ನಿಯಮವನ್ನು ನೆನಪಿಸುತ್ತಾ,

ಪುಟ್ಟತಾಯಮ್ಮ
ಪರೀಕ್ಷಕಿ


ಕ್ರೋಂಪೇಟೆ
5 ಮಾರ್ಚ್ 2025

ಪೌಡರ್. ಅತ್ತಿಗೆ, ಪೌಡರ್.

ನಿಮ್ಮ ವರದಿಯನ್ನು ನಿಂತುಕೊಂಡು ಓದಿದೆ, ಆ ಪದ ಬಂದಾಗ ಕೂತೆ. ಜಾದೂಗಾರರು ಎಲೆಗೆ ಪೌಡರ್ ಹಾಕುವುದು ಯಾಕೆ? ಜಾರಲಿ ಅಂತ. ಈ ಕಟ್ಟು ಉಸಿರಾಡುವುದೇ ಜಾರದೆ ಇರುವುದರಿಂದ. ನಿಮಗೆ ಕಳಿಸಿದ ಕಾಗದದಲ್ಲಿ 'ಹಿಡಿದುಕೊಂಡಿರುತ್ತವೆ' ಎಂದು ಬರೆದಿದ್ದೆ, ಕೈಬರಹ ಚೆನ್ನಾಗಿಯೇ ಇತ್ತು. ನೀವು ಹಪ್ಪಳವನ್ನು ನೀರಿನಲ್ಲಿ ನೆನೆಸಿ, ಕರುಂ ಎನ್ನಲಿಲ್ಲ ಎಂದು ವರದಿ ಬರೆದಿದ್ದೀರಿ. ಅದೂ ಎರಡು ಸಲ ನೆನೆಸಿ.

ಈ ಲೇಪ ಹದಕ್ಕೆ ಬರಲು ನಾನು ಪಟ್ಟ ಪಾಡು ನಿಮಗೆ ಯಾಕೆ ಹೇಳಬೇಕು? ಆದರೂ ಹೇಳುತ್ತೇನೆ, ಸಿಟ್ಟು ಇಳಿಯಲಿ. ಮೊದಲ ಕಟ್ಟು ಎಷ್ಟು ಅಂಟಿತೆಂದರೆ ಅದನ್ನು ಇವತ್ತು ನಮ್ಮ ಅಡಿಗೆಮನೆಯ ಕಿಟಕಿ ಬಡಿಯದಂತೆ ಒತ್ತಿಡಲು ಬಳಸುತ್ತಿದ್ದೇವೆ. ಎರಡನೆಯದು ಫ್ಯಾನ್ ಹಾಕಿದರೆ ಹಾರಿ ಹೋಯಿತು. ಕೊನೆಗೆ ಹದ ಸಿಕ್ಕಿದ ಮೇಲೆ ಅದು ನಮ್ಮೂರಿನ ಬೆವರನ್ನು ತಡೆಯುತ್ತದೋ ಇಲ್ಲವೋ ನೋಡಲು ಲೋಕಲ್ ಟ್ರೈನಿನಲ್ಲಿ ಕೂತು, ಮಾಂಬಲಂ ಬರುವವರೆಗೂ ತೊಡೆಯ ಮೇಲೆ ಹರಡಿ ಹರಡಿ ನೋಡಿದ್ದೇನೆ. ಎದುರಿಗೆ ಕೂತಿದ್ದವರೊಬ್ಬರು ನನ್ನನ್ನು ಮೂರೆಲೆ ಆಟದ ಗ್ಯಾಂಗಿನವನು ಎಂದುಕೊಂಡು ಪರ್ಸನ್ನು ಬನಿಯನ್ ಒಳಗೆ ಹಾಕಿಕೊಂಡರು. ಕಟ್ಟು ಕೈಬಿಡಲಿಲ್ಲ. ಚೆನ್ನೈ ಬಿಸಿಲು ಕೊಲ್ಲಲಾರದ್ದನ್ನು ನಿಮ್ಮ ಗಂಧದ ಪೌಡರ್ ಕೊಂದಿತು.

ನೀವು ಕೊಂದಿರಿ, ಆಮೇಲೆ ಪೋಸ್ಟ್‌ಮಾರ್ಟಂ ಮಾಡಿದಿರಿ, ಆಮೇಲೆ ಸತ್ತವನದೇ ತಪ್ಪು ಎಂದು ಬರೆದಿರಿ. ನಿಮಗಿಂತ ದೊಡ್ಡ ಜಾದೂಗಾರರನ್ನು ನಾನು ಕಂಡಿಲ್ಲ.

ಮರುಪರೀಕ್ಷೆ ಆಗಲೇಬೇಕು. ಹೊಸ ಕಟ್ಟು ತರುತ್ತೇನೆ. ಪೌಡರ್ ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟು ಹೊರಗೆ ಕಳಿಸಿ ಪರೀಕ್ಷೆ ಮಾಡಿ.

ರಘು


ಕೀಲ್ಪಾಕ್
14 ಮಾರ್ಚ್ 2025

ರಘು,

ಈ ಪತ್ರದಲ್ಲಿ 'ನೀನು'. ನಿನ್ನ ಹಪ್ಪಳದ ಮಾತಿಗೆ ಅಷ್ಟು ಮರ್ಯಾದೆ ಸಾಕು.

ಮರುಪರೀಕ್ಷೆ ಇಲ್ಲ. ಒಂದೇ ಲೇಪ, ಒಂದೇ ಆಟ, ಆದ್ದರಿಂದ ಒಂದೇ ಕಟ್ಟು. ಡಬ್ಬಿ ಬದಲಾಯಿಸಿದರೆ ಹೊಸದಾಗುವುದಿಲ್ಲ. ಪೌಡರಿನ ಬಗ್ಗೆ ಅಷ್ಟು ಕಿರುಚಿದ್ದೀಯಲ್ಲ, ಒಂದು ಹೇಳು. ಕೂಟದಲ್ಲಿ ಪೌಡರ್ ಹಾಕದೆ ಎಲೆ ಮುಟ್ಟುವ ಜಾದೂಗಾರನನ್ನು ತೋರಿಸು. ಒಬ್ಬನೂ ಇಲ್ಲ. ನಮ್ಮ ಕೈ ಮೊದಲು ಪೌಡರ್ ಡಬ್ಬಿಗೆ ಹೋಗುತ್ತದೆ, ಆಮೇಲೆ ಎಲೆಗೆ. ಜಾದೂಗಾರರ ಕೈ ತಾಕಿದರೆ ಸಾಯುವ ಕಟ್ಟನ್ನು ಜಾದೂಗಾರರಿಗೆಂದು ಮಾಡಿದವನು ನೀನು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಪೌಡರ್ ಹಾಕಬೇಡಿ' ಎಂದು ಬರೆಯಲು ನಿನ್ನ ಕಾರ್ಖಾನೆಯಲ್ಲಿ ಮಸಿ ಇರಲಿಲ್ಲವೋ?

ಇನ್ನು ಒಳಗಿನ ಸಿಟ್ಟನ್ನೂ ಹೇಳಿಬಿಡುತ್ತೇನೆ. ಒಂದು ಎಲೆಯನ್ನು ಯಾರಿಗೂ ಕಾಣದಂತೆ ಮಗುಚಿ ಹಾಕುವುದನ್ನು ಕಲಿಯಲು ನನಗೆ ನನ್ನ ಯೌವನ ಹಿಡಿಯಿತು. ಒಂದು ಕೈಯಲ್ಲಿ ಸಾರು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಎಲೆ ತಿರುಗಿಸಿದವಳು ನಾನು. ನಿಮ್ಮಮ್ಮ ಅದನ್ನು ನೋಡಿ "ಈ ಸೊಸೆ ಇಸ್ಪೀಟ್ ಆಡ್ತಾಳೆ" ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಅದನ್ನೆಲ್ಲ ನೀನು ಚಪ್ಪಲಿಗೆ ಬಳಿಯುವ ಬಣ್ಣದಲ್ಲಿ ಮಾಡಿ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೀಯ. ಡಬ್ಬಿಯೇ ಆಡುವುದಾದರೆ ಡಬ್ಬಿಗೇ ಸದಸ್ಯತ್ವ ಕೊಡೋಣ.

ಮತ್ತೆ ತೇಜುವಿನ ಹೆಸರು ಹೇಳಿ ನನ್ನನ್ನು ಹೆದರಿಸಬೇಡ. ಜನವರಿಯಲ್ಲಿ ಅಂದದ್ದನ್ನು ಅಂದೆ, ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನು ವೇದಿಕೆಯ ಮೇಲೆ ಎಲೆ ಬೀಳಿಸಿದಾಗ ನನಗೆ ಇದಕ್ಕಿಂತ ಹೆಚ್ಚು ಅಂದಿದ್ದರು. ಸಿಟ್ಟಿದ್ದರೆ ಅವಳು ಬಂದು ನನ್ನನ್ನು ಕೇಳಲಿ. ಇಷ್ಟು ದಿನವಾಯಿತು, ಅವಳಿಂದ ಒಂದು ಸಾಲಿಲ್ಲ. ಕಾಗದವನ್ನೆಲ್ಲ ಬರೆಯುತ್ತಿರುವವನು ನೀನೇ. ಜೂನಿನಲ್ಲಿ ವೇದಿಕೆ ಹತ್ತಬೇಕೆಂದಿರುವುದು ಅವಳೋ ನೀನೋ ಎಂದು ಮೊದಲು ಮನೆಯಲ್ಲಿ ವಿಚಾರಿಸಿಕೋ.

ಸತ್ತ ಕಟ್ಟನ್ನು ನಿಮ್ಮಣ್ಣನ ಕೈಯಲ್ಲಿ ಕಳಿಸಿದ್ದೇನೆ. ಯುಗಾದಿಗೆ ಒಬ್ಬಟ್ಟು ಎಂದಿನಷ್ಟೇ ಮಾಡುತ್ತೇನೆ. ಬಂದರೆ ಬನ್ನಿ, ಬರದಿದ್ದರೆ ನಾವಿಬ್ಬರೇ ತಿಂದು ಕಾಯಿಲೆ ಬೀಳುತ್ತೇವೆ, ಆ ಪಾಪ ನಿನಗೆ.

ಪುಟ್ಟತಾಯಮ್ಮ


ಕೀಲ್ಪಾಕ್
22 ಏಪ್ರಿಲ್ 2025

ರಘು,

ಯುಗಾದಿಗೆ ನೀವು ಯಾರೂ ಬರಲಿಲ್ಲ. ಅದರ ಲೆಕ್ಕ ಬೇರೆ ಇದೆ. ಈಗ ಬರೆಯುತ್ತಿರುವುದು ನೀನು ಮಾಡಿದ ಮೋಸದ ಬಗ್ಗೆ.

ಭಾನುವಾರ ನಾನು ಮಾವಿನಕಾಯಿ ತುರಿಯುತ್ತಾ ಕೂತಿದ್ದೆ. ಬಾಗಿಲು ತೆರೆದರೆ ತೇಜು.

"ಅಪ್ಪಾಗೆ ತೆರಿಯಾದು ದೊಡ್ಡಮ್ಮಾ, ನಾನ್ ಬಂದಿರೋದು. ತಿನ್ನಕ್ಕೆ ಏನಿದೆ?" ಎಂದಳು. ನಿನಗೆ ಗೊತ್ತಿಲ್ಲದಂತೆ, ಮೂರು ತಿಂಗಳ ಮೇಲೆ ಮನೆಗೆ ಬಂದ ಹುಡುಗಿಯ ಮೊದಲ ಮಾತು, ಅದೂ ಅರ್ಧ ತಮಿಳಿನಲ್ಲಿ. ನಿನ್ನ ಮಗಳೇ ಸರಿ.

ಕೂತಳು. ಚೀಲದಿಂದ ಆ ಕಟ್ಟು ತೆಗೆದಳು.

"ಒಂದ್ ಎಲೆ ಹೇಳಿ."

"ಆ ಕಟ್ಟು ಸತ್ತೋಗದೆ ಕಣೆ. ನಾನೇ ಸಾಯ್ಸಿದ್ದು ಅಂತ ನಿಮ್ಮಪ್ಪ ಊರಿಗೆಲ್ಲ ಸಾರ್ತಾವ್ನೆ."

"ಅದಕ್ಕೇ ತಿಥಿ ಮಾಡಣ ಅಂತ ಬಂದೆ. ಎಲೆ ಹೇಳಿ."

"ನಿನ್ ಕೈ ಹೆಂಗದೆ?"

"ಕೈ ಇದೆ. ಎಲೆ ಹೇಳಿ ದೊಡ್ಡಮ್ಮಾ."

ನಾನು ಯೋಚನೆ ಮಾಡಿಯೇ ಹೇಳಿದೆ. "ಕಳಾವರ್ ನಾಲ್ಕು."

"ಶ್ಯೂರಾ? ಬೇಕಾದ್ರೆ ಬದಲಾಯಿಸ್ಕೊಳ್ಳಿ, ಪರವಾಯಿಲ್ಲೆ."

"ಬದಲಾಯಿಸಕ್ಕೆ ನಾನೇನು ಸೀರೆ ಅಂಗಡಿಗೆ ಬಂದಿದೀನಾ? ಹರಡು."

ಎಡಗೈಯಲ್ಲಿ ಹರಡಿದಳು. ಬಲಗೈಯ ಆ ಎರಡು ಬೆರಳನ್ನು ಕಟ್ಟಿನ ತುದಿಗೆ ಭಾರಕ್ಕಿಟ್ಟಂತೆ ಇಟ್ಟುಕೊಂಡಿದ್ದಳು. ಎಲ್ಲ ಎಲೆಗಳೂ ಮುಖ ಮೇಲಾಗಿ ಬಂದವು. ನಡುವೆ ಒಂದೇ ಒಂದು ಬೆನ್ನು ತೋರಿಸುತ್ತಿತ್ತು. "ನೀವೇ ತಿರುಗಿಸಿ" ಎಂದಳು. ತಿರುಗಿಸಿದೆ. ಕಳಾವರ್ ನಾಲ್ಕು.

ನನ್ನ ಕೈಯಲ್ಲಿ ಮಾವಿನಕಾಯಿ ಅಂಟಿತ್ತು, ಅದರಲ್ಲೇ ಕಟ್ಟನ್ನು ಕಸಿದುಕೊಂಡು ಎಲೆ ಎಲೆ ಬಿಡಿಸಿ ನೋಡಿದೆ. ಯಾವುದೂ ಯಾವುದನ್ನೂ ಹಿಡಿದುಕೊಂಡಿರಲಿಲ್ಲ. ನನ್ನದೇ ಪೌಡರಿನ ಗಂಧ ಬರುತ್ತಿತ್ತು. ಶುದ್ಧ ಮಾಮೂಲಿ ಕಟ್ಟು.

"ಹೆಂಗ್ ಮಾಡ್ದೆ?"

"ನೀವ್ ತಾನೇ ಎಗ್ಸಾಮಿನರ್. ನೀವೇ ಸೊಲ್ಲುಂಗ."

ಉತ್ತರ ನಾನೇ ಹೇಳಬೇಕೆಂದು ಬಿಟ್ಟು, ಚಿತ್ರಾನ್ನವನ್ನು ತಾನೂ ತಿಂದು, ದೊಡ್ಡ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೊರಟುಹೋದಳು. ನಿಮ್ಮಣ್ಣ ಎಲ್ಲವನ್ನೂ ನೋಡಿ, "ಚೆನ್ನಾಗೈತೆ, ಕಾಫಿ ಕೊಡು" ಎಂದರು. ನನ್ನ ಜೀವನದಲ್ಲಿ ಆ ಮನುಷ್ಯನ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ.

ನೀನು ಏನೋ ಮಾಡಿದ್ದೀಯ. ಹೊಸ ಲೇಪವೋ, ಒಂದೇ ಎಲೆಗೆ ಹಚ್ಚಿದ್ದೋ. ಹೇಳು. ಪರೀಕ್ಷಕಿ ಕೇಳುತ್ತಿದ್ದಾಳೆ.

ಪುಟ್ಟತಾಯಮ್ಮ


ಕ್ರೋಂಪೇಟೆ
29 ಏಪ್ರಿಲ್ 2025

ಅತ್ತಿಗೆ,

ನಾನು ಏನೂ ಮಾಡಿಲ್ಲ. ಮಾಡಿದ್ದರೆ ಹೆಮ್ಮೆಯಿಂದ ಹೇಳುತ್ತಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಚಿತ್ರಾನ್ನದ ಡಬ್ಬಿ ಮನೆಗೆ ಹೇಗೆ ಬಂತು ಎಂಬುದು ತಿಳಿಯಿತು, ಉಳಿದದ್ದು ತಿಳಿಯಲಿಲ್ಲ.

ಅವಳನ್ನು ಕೇಳಿದೆ. "ಅಪ್ಪಾ, ಉಂಗ ಕಟ್ಟು ಸೂಪರ್. ಆದ್ರೆ ಅದಿಲ್ದೇನೂ ಆಗುತ್ತೆ" ಎಂದಳು. ಕೇಳಿಸಿತೇ? ನನ್ನ ಕಟ್ಟಿಲ್ಲದೆಯೂ ಆಗುತ್ತದಂತೆ. ವಾರಗಟ್ಟಲೆ ಆ ಲೇಪದ ಹೊಗೆ ಕುಡಿದು ನಾನು ಕೆಮ್ಮಿದ್ದು, ಮ್ಯಾನೇಜರ್ ಹತ್ತಿರ ಸುಳ್ಳು ಹೇಳಿ ಸಂಜೆ ಲ್ಯಾಬಿನಲ್ಲಿ ಉಳಿದದ್ದು, ನಿಮ್ಮ ಹತ್ತಿರ ಜಗಳವಾಡಿ ಹಬ್ಬದ ಊಟ ಬಿಟ್ಟದ್ದು, ಎಲ್ಲವೂ ಅವಳಿಗೆ ಕಿಟಕಿಗೆ ಒತ್ತಿಡುವ ಇಟ್ಟಿಗೆಯಷ್ಟೇ ಉಪಯೋಗ.

ಗುಟ್ಟು ನನಗೂ ಹೇಳುತ್ತಿಲ್ಲ. ಜೂನಿನಲ್ಲಿ ವೇದಿಕೆ ಹತ್ತುವವಳು ತಾನೇ, ಅರ್ಜಿ ತಾನೇ ಬರೆದುಕೊಳ್ಳುತ್ತೇನೆ, ಇನ್ನು ಮೇಲೆ ದೊಡ್ಡಮ್ಮನಿಗೆ ನೀವು ಕಾಗದ ಬರೆಯಬೇಡಿ ಅಂದಳು. ಆದ್ದರಿಂದ ಇದು ನಾನು ಬರೆಯದ ಕಾಗದ.

ಈಗ ನನಗೆ ಸಿಟ್ಟು ಯಾರ ಮೇಲೆ ಎಂದು ನನಗೇ ತೋಚುತ್ತಿಲ್ಲ. ತೋಚುವವರೆಗೆ ನಿಮ್ಮ ಮೇಲೆಯೇ ಇರಲಿ.

ರಘು


ಕ್ರೋಂಪೇಟೆ
20 ಮೇ 2025

ದೊಡ್ಡಮ್ಮನಿಗೆ, ತೇಜು ಬರೆಯುವುದು.

ಕನ್ನಡ ಬರೆಯಲು ಕಲಿಸಿದವರು ನೀವು. ತಪ್ಪಿದ್ದರೆ ನಿಮ್ಮದೇ.

ಇದು ಜೂನ್ ಸಭೆಗೆ ನನ್ನ ಅರ್ಜಿ. ಮಾಮೂಲಿ ಕಟ್ಟಿನಲ್ಲಿ ಆಡುವವರಿಗೆ ಮುದ್ರೆ ಬೇಡ ಎಂದು ನಿಯಮದಲ್ಲಿದೆ. ಆದರೆ ಆಟದ ಗುಟ್ಟನ್ನು ಪರೀಕ್ಷಕರಿಗೆ ಮಾತ್ರ ಬರೆದು ಕೊಡಬೇಕು ಎಂದೂ ಇದೆ. ಬರೆಯುತ್ತಿದ್ದೇನೆ, ಸಿಟ್ಟಾಗಬೇಡಿ. ಅಥವಾ ಆಗಿ.

ಒಂದು ಎಲೆ ಹೇಳಿ ಅಂದರೆ ಜನ ಆಟೀನ್ ರಾಣಿ ಅಂತಾರೆ, ಇಸ್ಪೀಟ್ ಎಕ್ಕ ಅಂತಾರೆ. ಜಾದೂಗಾರರು ಹಾಗೆ ಹೇಳುವುದಿಲ್ಲ. ತಾವು ಬೇರೆ ಎಂದು ತೋರಿಸಬೇಕಲ್ಲ. ಯಾರೂ ಯೋಚನೆ ಮಾಡದ, ಮುಖವಿಲ್ಲದ, ಬಡಪಾಯಿ ಎಲೆಯನ್ನು ಹುಡುಕುತ್ತಾರೆ. ನೀವು ಎಲ್ಲರಿಗಿಂತ ದೊಡ್ಡ ಜಾದೂಗಾರರು. ಕೂಟದ ತಿಂಗಳ ಸಭೆಗಳಿಗೆ ಅಪ್ಪನ ಜೊತೆ ಎಷ್ಟು ಸಲ ಬಂದಿದ್ದೇನೆ. ಹೊಸಬರು ಯಾರು ಕೇಳಿದರೂ ನೀವು ಕಣ್ಣು ಮುಚ್ಚಿ, ತುಂಬಾ ಯೋಚನೆ ಮಾಡಿದ ಹಾಗೆ ಮಾಡಿ, ಕಳಾವರ್ ನಾಲ್ಕು ಅಂತೀರಿ. ಪ್ರತಿ ಸಲ. ನಿಮಗೆ ಗೊತ್ತಿಲ್ಲ ಅನ್ನಿಸುತ್ತೆ.

ಆದ್ದರಿಂದ ಆ ಒಂದು ಎಲೆಯನ್ನು ಮೊದಲೇ ಮಗುಚಿಟ್ಟುಕೊಂಡು ಬಂದೆ. ಬೇರೆ ಹೇಳಿದ್ದರೆ ಬೇರೆ ಆಟ ಮಾಡಿ ಚಿತ್ರಾನ್ನ ತಿಂದು ಹೋಗುತ್ತಿದ್ದೆ. ಅಷ್ಟೇ.

ಜೂನಿನಲ್ಲಿ ಇದೇ ಆಟ, ಇದೇ ಸತ್ತ ಕಟ್ಟು. ವೇದಿಕೆಗೆ ಯಾರನ್ನು ಕರೆಯಬೇಕು ಎನ್ನುವುದು ಆಡುವವರ ಇಷ್ಟ. ನಾನು ನಿಮ್ಮನ್ನೇ ಕರೆಯುತ್ತೇನೆ. ಯಾವ ಎಲೆ ಹೇಳುವುದು ಎನ್ನುವುದು ನಿಮ್ಮ ಇಷ್ಟ.

ಡಬ್ಬಿ ತೊಳೆದಿಟ್ಟಿದ್ದೇನೆ.

ತೇಜು


ಕೀಲ್ಪಾಕ್
17 ಜೂನ್ 2025

ರಘು,

ಈ ಕಾಗದವನ್ನು ನಿಂತುಕೊಂಡು ಓದು.

ಆ ಅರ್ಜಿ ಓದಿದ ದಿನದಿಂದ ನಾನು ನಾನಾಗಿರಲಿಲ್ಲ. ತರಕಾರಿಯವನು "ಎಷ್ಟು ಕಿಲೋಮ್ಮಾ?" ಅಂದರೆ ನಾಲ್ಕು ಎಂದು ಬಾಯಿಗೆ ಬಂದುಬಿಡುತ್ತಿತ್ತು, ಅದನ್ನು ನುಂಗಿ ಮೂರು ಎನ್ನುತ್ತಿದ್ದೆ. ಮನೆತುಂಬ ಬದನೆಕಾಯಿ. ನನ್ನ ತಲೆಯೊಳಗೆ ಕೈ ಹಾಕಿ ಎಲೆ ತೆಗೆದು, ಅದನ್ನು ಹೇಗೆ ತೆಗೆದೆ ಎಂದು ಬರೆದೂ ಕಳಿಸಿದ ಹುಡುಗಿಯನ್ನು ಸುಮ್ಮನೆ ಬಿಡಲೇ? ವೇದಿಕೆಯ ಮೇಲೆ ಅವಳನ್ನು ಎರಡನೇ ಸಲ ಬೀಳಿಸಬೇಕೆಂದೇ ಹೋದೆ. ಮುಚ್ಚಿಡುವುದಿಲ್ಲ.

ಛತ್ರದಲ್ಲಿ ನೀನು ಮೂರನೇ ಸಾಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದೆ, ನೋಡಿದೆ. ತೇಜು ಮೈಕ್ ತೆಗೆದುಕೊಂಡು, "ಪರೀಕ್ಷಕರು ದಯಮಾಡಿ ವೇದಿಕೆಗೆ ಬರಬೇಕು" ಎಂದಳು. ಅಷ್ಟು ಕನ್ನಡವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ. ಹೋದೆ. ಒಂದು ಎಲೆ ಹೇಳಿ ಎಂದಳು.

ನಾನು ಜಾದೂ ಹಿಡಿದ ಮೇಲೆ ಬಾಯಿಂದ ಬಾರದ ಎಲೆಯನ್ನು ಹೇಳಿದೆ, ಟಿಕೆಟ್ ಕೊಂಡು ಬಂದ ಯಾರೋ ದಾರಿಹೋಕರ ಹಾಗೆ. "ಆಟೀನ್ ರಾಣಿ."

ಅವಳ ಮುಖ ಇಳಿಯಿತು. ಕಟ್ಟು ಹಿಡಿದ ಕೈ ಸ್ವಲ್ಪ ನಡುಗಿತು. "ದೊಡ್ಡಮ್ಮಾ, ಬೇರೆ..." ಎಂದು ಮೆಲ್ಲಗೆ ಅಂದಳು. ಸಭೆಗೂ ಕೇಳಿಸಿತು. ನಾನು, "ಬದಲಾಯಿಸಲ್ಲ" ಎಂದೆ. ಎಲೆಗಳು ಇನ್ನೇನು ನೆಲಕ್ಕೆ ಬೀಳುತ್ತವೆ ಎಂದು ನನಗೇ ತಿಳಿಯದೆ ಎರಡೂ ಕೈ ಮುಂದೆ ಚಾಚಿದ್ದೆ.

ಹರಡಿದಳು. ಒಂದೇ ಎಲೆ ಬೆನ್ನು ತೋರಿಸುತ್ತಿತ್ತು. ತಿರುಗಿಸಿದಳು. ಆಟೀನ್ ರಾಣಿ.

ಸಭೆ ಎದ್ದು ನಿಂತಿತು. ಆಗ ನನ್ನ ಮೂಗಿಗೆ ಚರ್ಮದ ವಾಸನೆ ಬಂತು.

ಸತ್ತ ಕಟ್ಟಲ್ಲ ಅದು. ನಿನ್ನ ಹೊಸ ಕಟ್ಟು, ಜೀವವಿದ್ದದ್ದು. ಇದೇ ಸತ್ತ ಕಟ್ಟಿನಲ್ಲಿ ಆಡುತ್ತೇನೆ ಎಂದು ನನಗೆ ಕಾಗದ ಬರೆದದ್ದೇ ಅವಳ ಆಟದ ಮೊದಲ ಅರ್ಧ. ನಾನು ಸಿಟ್ಟಿನಲ್ಲಿ ಬೇರೆ ಎಲೆ ಹೇಳುತ್ತೇನೆಂದು ಗೊತ್ತಿತ್ತು, ಯಾವುದು ಹೇಳಿದರೂ ಆ ಕಟ್ಟು ಕೊಡುತ್ತದೆಂದೂ ಗೊತ್ತಿತ್ತು. ಮುಖ ಇಳಿಸಿದ್ದು, ಕೈ ನಡುಗಿಸಿದ್ದು, ಎಲ್ಲವೂ ನಾಟಕ. ಯಾವಾಗ ಬಳಿದುಕೊಟ್ಟೆ ನೀನು? ಮೂರನೇ ಸಾಲಿನಲ್ಲಿ ಉಗುರು ಕಚ್ಚಿದ್ದೂ ನಾಟಕವೇ?

ಕಾರ್ಯದರ್ಶಿ ಸುಜಯೀಂದ್ರ ವೇದಿಕೆಗೆ ಬಂದರು. ಕಟ್ಟಿನ ಮೇಲೆ ಅವರಿಗೂ ಅನುಮಾನ ಬಂದಿತ್ತು. "ಮೇಡಂ, ಇದು ಆಟದ ಕಟ್ಟು ಅನ್ಸುತ್ತೆ, ಮುದ್ರೆ ಇಲ್ವಲ್ಲ. ನೀವು ಪರೀಕ್ಷೆ ಮಾಡಿದ್ದೀರಾ?" ಎಂದು ಎಲ್ಲರ ಮುಂದೆ ಕೇಳಿದರು. ಮೈಕನ್ನು ನನ್ನ ಕೈಗೆ ಕೊಟ್ಟರು. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಯಮ ನಾನು ಬರೆದದ್ದು. ತೇಜು ನನ್ನನ್ನು ನೋಡುತ್ತಿದ್ದಳು. ಆ ಮುಖ ನಾಟಕವಾಗಿರಲಿಲ್ಲ.

"ಮಾಡ್ದೆ. ಈಗ ತಾನೇ, ನಿಮ್ಮೆಲ್ಲರ ಎದುರಿಗೆ" ಎಂದೆ.

ವರದಿ ಇದರೊಂದಿಗಿದೆ, ಮುದ್ರೆ ಹಾಕಿದ್ದೇನೆ. ಒಂದು ಕಟ್ಟಿಗೆ ಒಂದೇ ಪರೀಕ್ಷೆ ಎಂದು ತಕರಾರು ತೆಗೆಯುವವರಿಗೆ ಉತ್ತರವನ್ನೂ ಅದರಲ್ಲಿ ಬರೆದಿದ್ದೇನೆ: ಫೆಬ್ರವರಿಯಲ್ಲಿ ಪರೀಕ್ಷೆಗೊಳಗಾದದ್ದು ಮಾಮೂಲಿ ಕಟ್ಟೆಂದು ನನ್ನ ವರದಿಯೇ ಹೇಳುತ್ತದೆ, ಮಾಮೂಲಿ ಕಟ್ಟಿಗೆ ಪರೀಕ್ಷೆಯೇ ಇಲ್ಲ, ಆದ್ದರಿಂದ ಫೆಬ್ರವರಿಯಲ್ಲಿ ಪರೀಕ್ಷೆ ನಡೆದೇ ಇಲ್ಲ. ಕಟ್ಟು ಹಿಡಿಯುತ್ತದೆ, ಬಿಡಬೇಕಾದಾಗ ಬಿಡುತ್ತದೆ. ವಾಸನೆಗೆ ದಾರಿ ನೋಡು.

ತೇಜು ಈಗ ಸದಸ್ಯೆ. ಅದು ನನ್ನ ಸಿಟ್ಟನ್ನು ಕಡಿಮೆ ಮಾಡಿಲ್ಲ, ಹೆಚ್ಚು ಮಾಡಿದೆ. ಯಾಕೆಂದರೆ ಆ ಹುಡುಗಿ ಎಲೆಯನ್ನು ತಿರುಗಿಸುವ ಮೊದಲೇ ನಕ್ಕಳು. ಸಭೆಯಲ್ಲಿ ಯಾರೂ ನೋಡಲಿಲ್ಲ, ನಾನು ನೋಡಿದೆ. ತುಟಿಯ ಒಂದು ಮೂಲೆ. ಎಲೆ ಪೂರಾ ಮಗುಚಿ, ನೋಡುವವರ ಉಸಿರು ಹೊರಗೆ ಬಂದ ಮೇಲೆ ಬರಬೇಕಾದ ನಗು ಅದು. ಇಷ್ಟು ದೊಡ್ಡ ಆಟ ಕಟ್ಟಿದವಳು ಅಷ್ಟು ಸಣ್ಣ ಕಡೆ ಎಡವಿದ್ದಾಳೆ. ಅದನ್ನು ನಿನ್ನ ಲೇಪ ಕಲಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಅವಳನ್ನು ಕಳಿಸು. ಆ ನಗು ಜಾಗಕ್ಕೆ ಬರುವವರೆಗೂ ತಿಂಡಿ ಇಲ್ಲ ಎಂದು ಈಗಲೇ ಹೇಳಿರು. ನೀನು ಬರುವುದು ಬೇಡ.

ಇನ್ನೂ ಸಿಟ್ಟಿನಲ್ಲಿರುವ,
ಪುಟ್ಟತಾಯಮ್ಮ